ಮೊದಲ ಸ್ವರಕ್ಕೆ ಮುಂಚಿನ ಉಸಿರು

ಬುಡಾಪೆಸ್ಟಿನ ಹೊರವಲಯದ ಹಳೇ ಚರ್ಚು. ಹೀಟರ್ ಸದ್ದು ರೆಕಾರ್ಡಿಂಗಿಗೆ ಬರುತ್ತದೆಂದು ಆರಿಸಿಟ್ಟಿದ್ದರಿಂದ ಪಿಯಾನೋ, ಪಿಟೀಲು, ಚೆಲ್ಲೋದ ಮೂವರೂ ಕೋಟು ತೊಟ್ಟೇ ನುಡಿಸುತ್ತಿದ್ದರು. ಪಿಯಾನೋದ ಎತೆಲ್ಕಾಳನ್ನು ನಡುಗಿಸುತ್ತಿದ್ದುದು ಮಾತ್ರ ಚಳಿಯಲ್ಲ, ಪಿಟೀಲಿನ ಲೋರಾಂತನ ಮೇಲಿನ ಸಿಟ್ಟು. ಮೂವತ್ತು ವರ್ಷ ಜೊತೆಗೆ ನುಡಿಸಿದವನು, ಈಗ ಅವಳನ್ನು ಎಬ್ಬಿಸಿ ಆ ಜಾಗದಲ್ಲಿ ತನ್ನ ಶಿಷ್ಯೆ ಲಿಲ್ಲಾಳನ್ನು ಕೂರಿಸಲು ಹಟ ಹಿಡಿದಿದ್ದ. ಹುಡುಗಿಯನ್ನು ಕರೆತಂದು ಮುಂದಿನ ಬೆಂಚಿನಲ್ಲಿ ಕೂರಿಸಿಯೂ ಆಗಿತ್ತು, ಪುಣ್ಯಾತ್ಮ!

ಎತೆಲ್ಕಾಳ ಕಣ್ಣಿಗೆ ಪೊರೆ ಬಂದಿತ್ತು. ಸ್ವರಗಳೆಲ್ಲ ಬಾಯಿಪಾಠ, ಆದರೆ ಕೀಗಳಿಂದಾಚೆ ಬರೀ ಮಬ್ಬು. ಲೋರಾಂತನ ಕಮಾನು ಏಳುವುದು ಕಾಣುತ್ತಿರಲಿಲ್ಲ. ಕಮಾನು ಎಳೆಯುವ ಮುನ್ನ ಅವನು ಮೂಗಿನಲ್ಲಿ ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದ. ಅದನ್ನು ಕೇಳಿಯೇ ಅವಳು ಶುರುಮಾಡುತ್ತಿದ್ದಳು. ಕಣ್ಣಿನ ವಿಷಯ ಗೊತ್ತಿದ್ದದ್ದು ಅವನೊಬ್ಬನಿಗೇ. ನಂಬಿ ಹೇಳಿಕೊಂಡಿದ್ದಳು, ಹಾಳಾದ ಬಾಯಿ.

ನುಡಿಸುತ್ತಿದ್ದ ಕೃತಿಯ ಎರಡನೆಯ ಭಾಗಕ್ಕೆ ಮುಂಚೆ ರೆಕಾರ್ಡಿಂಗಿನ ಆರ್ಪಾದ್ ಒಳಕೋಣೆಯ ಮೈಕಿನಲ್ಲಿ, "ಲೋರಾಂತ್ ಸರ್, ನಿಮ್ಮ ಮೂಗಿನ ಸದ್ದು ಬರ್ತಿದೆ. ಸ್ವಲ್ಪ ಮೆತ್ತಗೆ" ಎಂದ.

"ಅದಕ್ಕೇನಂತೆ, ಉಸಿರೇ ಎಳೆಯಲ್ಲ ಬಿಡಿ." ಲೋರಾಂತನ ದನಿಯಲ್ಲಿ ಖುಷಿ ತುಂಬಿ ತುಳುಕುತ್ತಿತ್ತು.

ಮೊದಲ ಸಲ ಅವಳು ತಡವಾಗಿ ಶುರುಮಾಡಿದಳು. ಎರಡನೆಯ ಸಲ ಅವನಿಗಿಂತ ಮುಂಚೆ.

"ಏನೇ ಎತೆಲ್ಕಾ, ನಿದ್ದೆಗಿದ್ದೆ ಬಂತಾ? ಎದ್ದು ಹೋಗಿ ಟೀ ಕುಡಿ. ಲಿಲ್ಲಾ ನುಡಿಸ್ತಾಳೆ," ಎಂದು ಲೋರಾಂತ್ ಅಣಕಿಸಿದ.

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ನಾನಿನ್ನೂ ಎದ್ದಿಲ್ಲ."

"ಜಗಳ ಸಾಕು ಕಣ್ರೋ, ಬೆರಳು ಮರಗಟ್ತಿದೆ," ಎಂದು ಚೆಲ್ಲೋದ ವಿಂತ್ಸೆ ಗೊಣಗಿದ.

"ಸರಿ, ಇದೇ ಕೊನೇ ಸಲ. ತಪ್ಪಿದ್ರೆ ಆ ಕುರ್ಚಿ ಲಿಲ್ಲಾಂದು," ಎಂದ ಲೋರಾಂತ್.

"ಆಗ್ಲಿ," ಎಂದಳು ಎತೆಲ್ಕಾ.

ಆರ್ಪಾದ್ "ಶುರು" ಎಂದ. ಚರ್ಚು ಗಪ್‌ಚುಪ್ಪಾಯಿತು. ಲೋರಾಂತ್ ಬೇಕೆಂದೇ ಉಸಿರು ಬಿಗಿಹಿಡಿದಿದ್ದಾನೆಂದು ಅವಳಿಗೆ ಖಾತ್ರಿಯಿತ್ತು. ಅವನಿಗಾಗಿ ಕಾಯಲೇ ಇಲ್ಲ. ಮೂವತ್ತು ವರ್ಷ ಕೇಳಿದ್ದ ಆ ಉಸಿರನ್ನೇ, ಅದೇ ಗತ್ತಿನಲ್ಲಿ, ಮೂಗಿನಿಂದ ಜೋರಾಗಿ ಎಳೆದುಕೊಳ್ಳುತ್ತಲೇ ಕೀಗಳನ್ನು ಒತ್ತಿದಳು. ಲೋರಾಂತನ ಕಮಾನು ಯಜಮಾನನನ್ನು ಕೇಳದೆ ತಂತಿಯ ಮೇಲೆ ಬಿತ್ತು. ಚೆಲ್ಲೋ ಕೂಡ. ಮೂರೂ ಒಂದೇ ಕ್ಷಣದಲ್ಲಿ ಎದ್ದವು, ಕೊನೆಯವರೆಗೂ ಎಲ್ಲೂ ಮುಗ್ಗರಿಸಲಿಲ್ಲ.

"ಅದ್ಭುತ! ಇದೇ ಇರ್ಲಿ," ಎಂದ ಆರ್ಪಾದ್.

"ಶುರೂಲಿ ಯಾರದೋ ಮೂಗು ಸೊರ್ ಅಂತಲ್ಲ, ಅದನ್ನ ಕತ್ತರಿಸಿ ಎಸಿ," ಎಂದು ಲೋರಾಂತ್ ಕಿರುಚಿದ.

"ಆಗಲ್ಲ ಸರ್. ಉಸಿರು ಮುಗಿಯೋಕೆ ಮುಂಚೇನೇ ನಿಮ್ಮ ಕಮಾನು ಬಿದ್ದಿದೆ. ಅದನ್ನ ಕತ್ತರಿಸಿದ್ರೆ ನಿಮ್ಮ ಮೊದಲ ಸ್ವರಾನೂ ಹೋಗುತ್ತೆ."

"ಹಾಗಾದ್ರೆ ಇನ್ನೊಂದ್ಸಲ!"

"ಕೊನೇ ಸಲ ಅಂದೋನು ನೀನೇ ಅಲ್ವೇನಯ್ಯಾ?" ಎಂದ ವಿಂತ್ಸೆ.

ಎತೆಲ್ಕಾ ಲೋರಾಂತನಿದ್ದ ಮಬ್ಬಿನ ಕಡೆಗೆ ತಿರುಗಿದಳು. "ಮೂರನೇ ಭಾಗಕ್ಕೂ ಹಾಗೇ ಉಸಿರು ಬಿಗಿಹಿಡ್ಕೊಂಡಿರು ಲೋರಾಂತ್. ನಿನ್ನ ಪಾಲಿನ ಉಸಿರೂ ನಾನೇ ಎಳೀತೀನಿ."

ಬೆರಳುಗಳನ್ನು ಉಜ್ಜಿಕೊಂಡು ಮತ್ತೆ ಕೀಗಳ ಮೇಲಿಟ್ಟಳು.