ನಿಂಬೆಹಣ್ಣು ದಾಟಿದ ಲಾರಿ ಗೇಟ್ ದಾಟಲಿಲ್ಲ

ಅರಸೀಕೆರೆಯ ಎಪಿಎಂಸಿ ಯಾರ್ಡಿನ ಗೇಟಿನ ಪಕ್ಕದಲ್ಲೇ ನಮ್ಮ ಟೀ ಅಂಗಡಿ. ಅಂದು ಬೆಳಿಗ್ಗೆ ದೇವೀರಪ್ಪನವರ ಲಾರಿ ಕೊಬ್ಬರಿ ತುಂಬಿಕೊಂಡು ರಾಜಸ್ಥಾನಕ್ಕೆ ಹೊರಟು ನಿಂತಿತ್ತು. ಅಲ್ಲಿ ಮದುವೆಗಳ ಕಾಲ, ಮಾಲಿಗೆ ಅವಸರ. ಡ್ರೈವರ್ ಭೀಮರಾಜನಿಗೂ ಅವಸರವೇ. ಬಸ್ತಿಹಳ್ಳಿಯಲ್ಲಿ ಅವನ ಹೆಂಡತಿ ಮಂಜುಳಾ ಹೆಣ್ಣುಮಗು ಹೆತ್ತಿದ್ದಳು. ಹುಣ್ಣಿಮೆಗೆ ನಾಮಕರಣ. ಅಷ್ಟರೊಳಗೆ ಹೋಗಿ ಬರಬೇಕು.

ಕಾಯಿ ಒಡೆದಾಯಿತು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಆಗ ದೇವೀರಪ್ಪನವರ ಸೊಸೆ ಉಷಾರಾಣಿ ಸ್ಕೂಟರಿನಲ್ಲಿ ಬಂದಳು. ಮನೆಯ ಮೂರು ಲಾರಿಗಳ ವ್ಯವಹಾರ ಅವಳದೇ. ತವರಿಗೆಂದು ಬೇಲೂರಿಗೆ ಹೋಗಿದ್ದವಳು ಆಗ ತಾನೇ ಹಿಂತಿರುಗಿದ್ದಳು.

“ಮಾವ, ಈ ಗಾಡೀದು ಆಥರೈಸೇಶನ್ ಕಟ್ಸಿದ್ರಾ?”

“ಅದೆಂಥದವ್ವ? ನ್ಯಾಷನಲ್ ಪರ್ಮಿಟ್ಟು ಐದು ವರ್ಷಕ್ಕೈತೆ. ಲ್ಯಾಮಿನೇಶನ್ ಮಾಡ್ಸಿ ವಿಭೂತಿ ಗಟ್ಟಿ ಜೊತೇಲೇ ಮಡಗಿದೀನಿ, ನೋಡು.”

“ಪರ್ಮಿಟ್ ಐದು ವರ್ಷಕ್ಕೇ ಮಾವ. ಆದ್ರೆ ಬೇರೆ ರಾಜ್ಯಕ್ಕೆ ಹೋಗೋ ಅನುಮತಿಗೆ ವರ್ಷ ವರ್ಷ ಫೀಸು ಕಟ್ಟಿ ಹೊಸದು ಮಾಡಿಸ್ಬೇಕು. ಅದೇ ಆಥರೈಸೇಶನ್ನು. ನಮ್ದು ಹೋದ ವಾರವೇ ಮುಗಿದೋಗೈತೆ.”

ದೇವೀರಪ್ಪನವರಿಗೆ ಮೂಗಿನ ತುದಿಯಲ್ಲೇ ಕೋಪ. “ಪೂಜೆ ಆದ ಗಾಡಿ ನಿಲ್ಲಿಸ್ತಾರೇನವ್ವ? ಯಾರಾದ್ರೂ ಕೇಳಿದ್ರೆ ನೋಡ್ಕೊಂಡ್ರಾಯ್ತು. ಏಯ್ ಭೀಮರಾಜ, ತೆಗೀಲಾ ಗಾಡೀನ!”

ಭೀಮರಾಜ ಒಮ್ಮೆ ಅವರನ್ನೂ ಒಮ್ಮೆ ಉಷಾರಾಣಿಯನ್ನೂ ನೋಡಿದ. ಯಾರ್ಡಿನ ಜನರೆಲ್ಲ ನೋಡುತ್ತಿದ್ದರು. ಅಷ್ಟು ಮಂದಿಯ ನಡುವೆ ಮಾವನಿಗೆ ಎದುರು ನಿಲ್ಲುವುದೆಂದರೆ ಹುಡುಗಾಟವೇ? ಉಷಾರಾಣಿ ದನಿ ಕೂಡ ಏರಿಸಲಿಲ್ಲ.

“ಪೂಜೆ ಕೆಡೋದು ಬೇಡ ಮಾವ. ಗಾಡಿ ನಿಂಬೆಹಣ್ಣು ಹತ್ಲಿ. ಗೇಟ್ ಮಾತ್ರ ದಾಟೋದು ಬೇಡ. ದಾರೀಲಿ ಹಿಡಿದ್ರೆ ನೀವೂ ನಾನೂ ಇಲ್ಲಿ ಮನೇಲಿ ಉಂಡ್ಕೊಂಡಿರ್ತೀವಿ. ಭಾಷೆ ಬರದ ಊರಲ್ಲಿ ರಸ್ತೆ ಬದೀಲಿ ಗಾಡಿ ಕಾಯೋನು ಭೀಮರಾಜಣ್ಣ. ನಾಮಕರಣಕ್ಕೆ ಅಪ್ಪನೇ ಇಲ್ಲ ಅಂದ್ರೆ ಮಂಜುಳಾಗೆ ಯಾರು ಉತ್ತರ ಹೇಳ್ತಾರೆ? ಆಕ್ಸಿಡೆಂಟ್ ಏನಾರ ಆದ್ರಂತೂ ಇನ್ಸೂರೆನ್ಸ್‌ನೋರೂ ತಕರಾರು ತೆಗೀತಾರೆ.”

ದೇವೀರಪ್ಪನವರು ಭೀಮರಾಜನ ಮುಖ ನೋಡಿದರು. ಹೆಗಲ ಮೇಲಿನ ಟವೆಲ್ ಕೊಡವಿದರು. “ಹಂಗಾದ್ರೆ ವೇಬ್ರಿಡ್ಜ್ ತಾವ ನಿಲ್ಸು ಕಣ್ಲಾ,” ಅಂದರು. ಅಂಥ ಸೊಸೆಯನ್ನು ಪಡೆದ ಮನೆ ಪುಣ್ಯ ಮಾಡಿರಬೇಕು ಅಂದುಕೊಂಡೆ. ಅವಳ ಮಾತು ಕೇಳಿದ ಮಾವನ ದೊಡ್ಡತನವನ್ನೂ ಮೆಚ್ಚಬೇಕಾದದ್ದೇ.

ಲಾರಿ ನಿಂಬೆಹಣ್ಣು ಹತ್ತಿ ಇಳಿದು, ಯಾರ್ಡಿನೊಳಗೇ ಗಾಡಿ ತೂಗುವ ವೇಬ್ರಿಡ್ಜ್ ಪಕ್ಕ ನಿಂತಿತು. ಉಷಾರಾಣಿ ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಫೋನಿನಲ್ಲೇ ಫೀಸು ಕಟ್ಟಿದಳು. ಸರ್ವರ್ ಸತಾಯಿಸಿತು. ಮರುದಿನ ಬೆಳಿಗ್ಗೆ ಆಥರೈಸೇಶನ್ ಕೈಗೆ ಬಂತು, ಲಾರಿ ಹೊರಟಿತು. ಅಲ್ಲಿಯವರೆಗೆ ದೇವೀರಪ್ಪನವರು ಚಡಪಡಿಸಿಕೊಂಡು ಕುಡಿದ ಟೀಗೆ ಲೆಕ್ಕವಿಲ್ಲ.

ಮಹಾರಾಷ್ಟ್ರದಲ್ಲಿ ತಪಾಸಣೆಯವರು ಕೈ ಅಡ್ಡ ಹಾಕಿದರಂತೆ. ಭೀಮರಾಜ ಉಷಾರಾಣಿಗೆ ಫೋನ್ ಮಾಡಿದ.

“ಅಕ್ಕಾ, ಕಾಗದ ನೋಡಿ ಬಿಟ್ರು. ಮುಂದ್ಗಡೆ ಗಾಡೀನ ಹಿಡ್ಕೊಂಡವ್ರೆ, ವರ್ಷದ್ದು ಕಟ್ಟಿಲ್ವಂತೆ. ಪಾಪ, ಆ ಡ್ರೈವರು ರಸ್ತೆ ಬದೀಲೇ ಕೂತವ್ನೆ.”

ಪಕ್ಕದಲ್ಲಿದ್ದ ದೇವೀರಪ್ಪನವರಿಗೂ ಅದು ಕೇಳಿಸಿತು.

ಹುಣ್ಣಿಮೆಯ ದಿನ ಬಸ್ತಿಹಳ್ಳಿಯಲ್ಲಿ ಮಗುವನ್ನು ಎತ್ತಿಕೊಂಡು “ಚಿತ್ರಾ” ಎಂದು ಹೆಸರು ಕೂಗಿದ್ದು ಅಪ್ಪನೇ. ಮಂಜುಳಾಳ ಕಣ್ಣು ತುಂಬಿ ಬಂತು, ಕರೆದರೆಂದು ಹೋಗಿದ್ದ ನನ್ನದೂ. ಊಟಕ್ಕೆ ಕೂತಾಗ ದೇವೀರಪ್ಪನವರು ಸೊಸೆಯ ಕಡೆ ಬಾಗಿ ಮೆಲ್ಲಗೆ ಕೇಳಿದರು:

“ಉಳಿದೆರಡು ಗಾಡೀದು ಯಾವಾಗವ್ವ ಮುಗಿಯೋದು?”

ಲಾರಿ ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ಪರ್ಮಿಟ್ ಐದು ವರ್ಷಕ್ಕಿದ್ದರೂ ಹೊರರಾಜ್ಯದ ಆಥರೈಸೇಶನ್ ವರ್ಷಕ್ಕೊಮ್ಮೆ ನವೀಕರಿಸಲೇಬೇಕು. ನಿಮ್ಮದು ಮುಗಿಯುವ ತಾರೀಕು ಇವತ್ತೇ ನೋಡಿ. ತಿಳಿಯದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಅದಕ್ಕೇನೂ ನಾಚಿಕೆ ಬೇಡ. ನಿಮ್ಮ ಗಾಡಿ ಓಡಿಸುವವನಿಗಾಗಿ ಅವನ ಮನೆಯಲ್ಲಿ ಕಾಯುವವರಿದ್ದಾರೆ.