ಭೋಜಣ್ಣನ ಎಡಗೈ

ಜುಲೈಕಾಳಿಗೆ ಹೇಲು ಉಚ್ಚೆ ಅಸಹ್ಯವಲ್ಲ. ಹನ್ನೊಂದು ವರ್ಷಗಳಿಂದ ಅವರಿವರ ಬಟ್ಟೆ ಬದಲಿಸಿ, ಹಾಸಿಗೆ ತೊಳೆದು, ವಾಂತಿ ಬಳಿದು ಅವಳ ಮೂಗು ಹದವಾಗಿದೆ. ಆದರೆ ಕೇಕ್ ಕಂಡರೆ ಅವಳಿಗೆ ಹೊಟ್ಟೆ ತೊಳಸುತ್ತದೆ.

ಮೂಡುಬಿದಿರೆಯಿಂದ ಶಿರ್ತಾಡಿಗೆ ಹೋಗುವ ರಸ್ತೆಯ ಪಕ್ಕದ ಆರೈಕೆ ಕೇಂದ್ರದಲ್ಲಿ ಅವಳು ಸಹಾಯಕಿ. ಅಲ್ಲಿ ಇಪ್ಪತ್ತೆರಡು ಮಂದಿ ಇದ್ದಾರೆ. ಪಾರ್ಶ್ವವಾಯು ಬಡಿದವರು, ನೆನಪು ಹೋದವರು, ಬೆನ್ನುಹುರಿ ಮುರಿದವರು. ಎಲ್ಲರೂ ಒಂದು ಕಾಲದಲ್ಲಿ ಸಂಸಾರ ತೂಗಿದ ದೊಡ್ಡವರೇ. ತಿಂಗಳಿಗೆ ಐದಾರು ಸಲ ಹೊರಗಿನ ಯಾರದ್ದಾದರೂ ಹುಟ್ಟುಹಬ್ಬವೋ ಮದುವೆಯ ವಾರ್ಷಿಕೋತ್ಸವವೋ ಇರುತ್ತದೆ. ಆ ದಿನ ಅವರು ಇಲ್ಲಿಯವರಿಗೆ ಊಟ ಹಾಕಿಸುತ್ತಾರೆ. ಅಷ್ಟಾದರೆ ಅವರಿಗೆ ಕೈ ಮುಗಿಯಬಹುದಿತ್ತು. ಆದರೆ ಜೊತೆಗೆ ಕೇಕ್ ಬರುತ್ತದೆ, ಮನೆ ಮಂದಿಯೆಲ್ಲ ಬರುತ್ತಾರೆ. ಕೇಕಿನ ತುಂಡನ್ನು ಒಬ್ಬೊಬ್ಬರ ಬಾಯಿಗೆ ತುರುಕಿ, ಅವರು ಬಾಯಿ ಮುಚ್ಚುವ ಮೊದಲೇ ಫೋಟೋ ತೆಗೆಯುತ್ತಾರೆ. ಅರುವತ್ತು ದಾಟಿದ ಗಂಡಸು ಬಾಯಿ ಅಗಲಿಸಿಕೊಂಡು, ಮೀಸೆಗೆ ಕ್ರೀಮ್ ಮೆತ್ತಿಕೊಂಡು, ಗುರುತಿಲ್ಲದವರ ಮೊಬೈಲಿನಲ್ಲಿ ಊರೆಲ್ಲ ತಿರುಗುತ್ತಾನೆ. ಇದಕ್ಕಿಂತ ಹೇಸಿಗೆಯ ಕೆಲಸ ಬೇರೆ ಇಲ್ಲ ಎಂದು ಜುಲೈಕಾ ನಂಬಿದ್ದಳು. ಅವಳು ನಂಬಿದ್ದರಲ್ಲಿ ಅರ್ಧ ಮಾತ್ರ ಸರಿ ಎಂಬುದು ಆಮೇಲೆ ಗೊತ್ತಾಯಿತು.

ಕೇಂದ್ರದಲ್ಲಿ ಒಬ್ಬೊಬ್ಬರ ಮಂಚದ ತಲೆಬದಿಯಲ್ಲೂ ಒಂದು ಹಾಳೆ ತೂಗುತ್ತದೆ. ಮೇಲೆ ‘ನಾನು ಹೀಗೆ’ ಎಂದು ಬರೆದಿದೆ. ಅವರಿಗೆ ಏನು ಇಷ್ಟ, ಏನು ಆಗದು, ಯಾವ ಕೆಲಸ ತಾವೇ ಮಾಡಿಕೊಳ್ಳುತ್ತಾರೆ ಎಂಬುದನ್ನೆಲ್ಲ ನೋಡಿ ತಿಳಿದು ಬರೆಯಬೇಕೆಂದು ಜುಲೈಕಾಳಿಗೆ ಮಂಗಳೂರಿನ ತರಬೇತಿಯಲ್ಲಿ ಕಲಿಸಿದ್ದರು. ಐಸಮ್ಮನಿಗೆ ಸ್ನಾನದ ನೀರು ಮೊದಲು ಕಾಲಿಗೆ ಹೊಯ್ಯಬೇಕು. ಅಬ್ದುಲ್ ಶುಕೂರ್ ಅವರ ಚಹಾ ಎಷ್ಟು ಬಿಸಿಯಿದ್ದರೂ ಬೇರೆಯವರು ಊದಿ ಆರಿಸಬಾರದು. ಇಂಥ ಸಂಗತಿ ಹಿಡಿಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮು ಅವಳಿಗೆ ಸ್ವಲ್ಪ ಇತ್ತು.

ಆ ಹಮ್ಮನ್ನು ಮುರಿದದ್ದು ಭೋಜಣ್ಣ.

ಭೋಜಣ್ಣ ಬೆಳ್ತಂಗಡಿ ಕಡೆಯವರು. ಮೂವತ್ತು ವರ್ಷ ಮದುವೆಮನೆಗಳಲ್ಲಿ ಬಡಿಸುವವರ ತಂಡ ನಡೆಸಿದವರು. ವಿಟ್ಲದಿಂದ ಮೂಡುಬಿದಿರೆಯವರೆಗೆ ಅವರ ತಂಡ ಬಡಿಸಿದ ಊಟ ಉಣ್ಣದ ಜನರಿಲ್ಲ ಎಂದು ಅವರನ್ನು ತಂದು ಬಿಟ್ಟ ಸೋದರಳಿಯ ಶೋಧನ್ ಹೇಳಿದ್ದ. “ಮಾವ ಭಾರೀ ಶಿಸ್ತು. ಒಬ್ಬ ಅವಸರದಲ್ಲಿ ಎಡಗೈಯಲ್ಲಿ ಉಪ್ಪಿನಕಾಯಿ ಬಡಿಸಿದ್ದಕ್ಕೆ ಅರ್ಧ ಪಂಕ್ತಿಯಲ್ಲೇ ಮನೆಗೆ ಕಳಿಸಿದ್ರು,” ಎಂದು ನಕ್ಕಿದ್ದ. ಪಾರ್ಶ್ವವಾಯು ಭೋಜಣ್ಣನ ಬಲಭಾಗವನ್ನು ಪೂರಾ ತಿಂದಿತ್ತು. ಮಾತೂ ಹೋಗಿ ‘ಹಾಂ’ ಎಂಬ ಒಂದು ಸ್ವರ ಮಾತ್ರ ಉಳಿದಿತ್ತು. ನುಂಗಲಿಕ್ಕೆ ತೊಂದರೆಯಿಲ್ಲ, ಮೆತ್ತಗಿನ ಅನ್ನ ಕೊಡಬಹುದು ಎಂದು ಡಾಕ್ಟರು ಹೇಳಿದ್ದರು.

ಆದರೆ ಭೋಜಣ್ಣ ಉಣ್ಣಲಿಲ್ಲ. ಚಮಚ ಹತ್ತಿರ ಬಂದರೆ ಹಲ್ಲು ಕಚ್ಚಿ ಹಿಡಿಯುವರು. ಪುಸಲಾಯಿಸಿದರೆ ಗೋಡೆಗೆ ಮುಖ ತಿರುಗಿಸುವರು. ಚಹಾ, ಎಳನೀರು, ಒಮ್ಮೊಮ್ಮೆ ಒಂದಿಷ್ಟು ಗಂಜಿತಿಳಿ, ಅಷ್ಟೇ. ಎರಡು ತಿಂಗಳಲ್ಲಿ ಎಂಟು ಕಿಲೋ ಇಳಿದರು. ಶನಿವಾರದೊಳಗೆ ಉಣ್ಣದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ಆಹಾರ ಕೊಡುವುದೇ ದಾರಿ ಎಂದು ಡಾಕ್ಟರು ಹೇಳಿ ಹೋದರು. ಪಕ್ಕದ ಮಂಚದವರಿಗೆ ಅಂಥ ನಳಿಗೆ ಇತ್ತು. ಡಾಕ್ಟರ ಮಾತು ಕೇಳಿದ ಭೋಜಣ್ಣ ಆ ಕಡೆ ನೋಡಿ ಕಣ್ಣು ಮುಚ್ಚಿಕೊಂಡರು.

ಅವರ ಹಾಳೆಯಲ್ಲಿ ಜುಲೈಕಾ ಬರೆದದ್ದು ಒಂದೇ ಸಾಲು. ‘ಊಟಕ್ಕೆ ಹಟ ಮಾಡುತ್ತಾರೆ.’

ಬುಧವಾರ ಬಿ.ಸಿ.ರೋಡಿನ ಮನೀಷ್ ಮತ್ತು ಪ್ರಾಪ್ತಿ ಬಂದರು. ದುಬೈಯಲ್ಲಿ ಹೋಟೆಲ್ ನಡೆಸುವ ದಂಪತಿ, ಮದುವೆಯಾಗಿ ಇಪ್ಪತ್ತೈದು ವರ್ಷವಂತೆ. ಅವರಿಬ್ಬರ ಚಿತ್ರವಿರುವ ಬ್ಯಾನರು ಬೆಳಗ್ಗೆಯೇ ಬಂದು ಗೋಡೆ ಹತ್ತಿತ್ತು. ಕೇಂದ್ರ ನೋಡಿಕೊಳ್ಳುವ ಸ್ವರ್ಣಲತಾ ಮೇಡಂ ಎಲ್ಲರನ್ನೂ ಹಾಲ್‌ನಲ್ಲಿ ಸಾಲಾಗಿ ಕೂರಿಸಿದರು.

“ಭೋಜಣ್ಣನನ್ನು ಬಿಡುವ ಮೇಡಂ,” ಎಂದಳು ಜುಲೈಕಾ. “ಅವರಿಗೆ ಜನ ಆಗುವುದಿಲ್ಲ.”

“ಒಬ್ಬರನ್ನು ಬಿಟ್ಟರೆ ಬೇಜಾರಾಗ್ತದೆ ಜುಲೈಕಾ.”

“ಯಾರಿಗೆ? ಭೋಜಣ್ಣನಿಗಾ?”

“ಊಟ ಕೊಡುವವರಿಗೆ ಮಾರಾಯ್ತಿ. ಇವತ್ತೊಂದು ದಿನ ಸುಮ್ಮನಿರಿ.”

ಪ್ರಾಪ್ತಿ ಒಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೇಕ್ ಹಿಡಿದು ಸಾಲಿನುದ್ದಕ್ಕೂ ನಡೆದಳು. ಶುಕೂರ್ ಅವರ ಗದ್ದದ ಮೇಲೆ ಇಳಿದ ಜೊಲ್ಲು ಕಂಡು ಅವಳ ಮುಖ ಹುಳ್ಳಗಾಯಿತು. ಕ್ಯಾಮೆರಾ ತಿರುಗಿದೊಡನೆ ಮತ್ತೆ ಅರಳಿತು. ಕ್ರೀಮಿನ ಸಿಹಿ ವಾಸನೆ, ಅತ್ತರಿನ ವಾಸನೆ, ಮೇಲಿಂದ ಮೇಲೆ ‘ಸ್ಮೈಲ್ ಮಾಡಿ, ಸ್ಮೈಲ್ ಮಾಡಿ’. ಜುಲೈಕಾ ಶುಕೂರ್ ಅವರ ಗದ್ದ ಒರೆಸಿದಳು.

“ನಿಮಗೆ ಅಸಹ್ಯ ಆಗುವುದಿಲ್ವಾ, ದಿನಾ ಇದನ್ನೆಲ್ಲ ನೋಡಿ?” ಎಂದು ಪ್ರಾಪ್ತಿ ಅವಳ ಕಿವಿಯಲ್ಲಿ ಕೇಳಿದಳು.

“ಆಗ್ತದೆ,” ಎಂದಳು ಜುಲೈಕಾ. “ಎಷ್ಟು ವರ್ಷವಾದರೂ ಅಭ್ಯಾಸ ಆಗ್ಲಿಲ್ಲ.”

ಪ್ರಾಪ್ತಿ ಕನಿಕರದಿಂದ ಅವಳ ಭುಜ ತಟ್ಟಿದಳು.

ಕೊನೆಗೆ ಭೋಜಣ್ಣನ ಸರದಿ ಬಂತು. ಅವರ ಮುಂದೆ ಎಲೆಯಲ್ಲಿ ಅನ್ನ ಸಾರು ಬಡಿಸಿಯಾಗಿತ್ತು. ಕೇಕ್ ಹತ್ತಿರ ಬಂದಾಗ ಅವರು ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದರು. ಪಂಕ್ತಿಯಲ್ಲಿ ಕೂತು ಉಂಡ ಯಾರಿಗೂ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ. ಸಾಕು, ನನಗೆ ಬೇಡ.

“ನಾಚಿಕೆ ನೋಡು ಮಾಮನಿಗೆ,” ಎಂದು ಮನೀಷ್ ನಕ್ಕು ಮೊಬೈಲ್ ಹತ್ತಿರ ತಂದ. “ಒಂದು ಚೂರು ಮಾಮ, ನಮಗೋಸ್ಕರ.”

ತುಂಡು ತುಟಿಗೆ ಒತ್ತಿತು. ಬಾಯಿ ತೆರೆಯಲಿಲ್ಲ, ಕ್ರೀಮು ಮೀಸೆಗೆ, ಮೂಗಿಗೆ ಮೆತ್ತಿತು. ಇನ್ನು ತಡೆಯಲಾರೆ ಎಂದು ಜುಲೈಕಾ ಮುಂದೆ ಬರುವಷ್ಟರಲ್ಲಿ ಭೋಜಣ್ಣ ಯಾರೂ ಎಣಿಸದ ಕೆಲಸವೊಂದನ್ನು ಮಾಡಿದರು. ಎಡಗೈಯನ್ನು ಅನ್ನಕ್ಕೆ ಹಾಕಿದರು. ತಾನೇ ಉಣ್ಣುತ್ತೇನೆ, ನಿಮ್ಮ ಉಪಕಾರ ಬೇಡ ಎಂದು ತೋರಿಸಿ ಬಿಡುಗಡೆ ಪಡೆಯುವ ಯೋಚನೆ ಇದ್ದಿರಬೇಕು. ನಾಲ್ಕು ಬೆರಳಿನಲ್ಲಿ ಒಂದು ತುತ್ತು ಮೇಲೆದ್ದಿತು. ಜುಲೈಕಾ ಇದ್ದಲ್ಲೇ ನಿಂತಳು. ಎರಡು ತಿಂಗಳಲ್ಲಿ ಇದು ಮೊದಲ ತುತ್ತು.

ಪ್ರಾಪ್ತಿ ಆ ಮಣಿಕಟ್ಟು ಹಿಡಿದಳು. “ಛೀ, ಎಡಗೈಯಲ್ಲಿ ಬೇಡ ಮಾಮ. ನಾನಿಲ್ವಾ?”

ಬೆರಳು ಸಡಿಲಿ ಅನ್ನ ಮಡಿಲಿಗೆ ಉದುರಿತು. ಭೋಜಣ್ಣ ಕೈಯನ್ನು ತೊಡೆಯಡಿಗೆ ತುರುಕಿ ಗೋಡೆಗೆ ಮುಖ ತಿರುಗಿಸಿದರು.

ಜುಲೈಕಾ ಬೈಯಲಿಕ್ಕೆ ಬಾಯಿ ತೆರೆದಳು. ಆದರೆ ಆ ಮಾತು ಅವಳಿಗೆ ಗುರುತಿತ್ತು. ಭೋಜಣ್ಣ ಬಂದ ದಿನ ಮಧ್ಯಾಹ್ನ, ಗಂಜಿಯ ಬಟ್ಟಲಿಗೆ ಅವರು ಎಡಗೈ ಚಾಚಿದಾಗ, ಮನೆಯಲ್ಲಿ ಮಗ ಇಹ್ಸಾನನ ಕೈಗೆ ಬಡಿಯುವ ಹಾಗೆ ಮೆಲ್ಲಗೆ ಬಡಿದು ಅವಳೇ ಹೇಳಿದ್ದಳು. “ಎಡಗೈಯಲ್ಲಿ ಬೇಡ ಭೋಜಣ್ಣ. ನಾನಿಲ್ವಾ?” ಬಲಗೈ ಸತ್ತು ಬಿದ್ದಿರುವವರಿಗೆ ಹೇಳಿದ ಮಾತು ಅದು. ಉಣ್ಣಲಿಕ್ಕೆ ಬಲಗೈ, ತೊಳೆಯಲಿಕ್ಕೆ ಎಡಗೈ. ಅವಳ ಮನೆಯಲ್ಲಿ ಕಲಿಸಿದ್ದೂ ಇದೇ, ಭೋಜಣ್ಣನ ಮನೆಯಲ್ಲಿ ಕಲಿಸಿದ್ದೂ ಇದೇ. ಆದ್ದರಿಂದ ಅವಳು ಯೋಚಿಸಲೂ ಇಲ್ಲ. ಬಡಿದಳು, ಮರೆತಳು. ಆಮೇಲೆ ಹಾಳೆಯಲ್ಲಿ ಹಟ ಎಂದು ಚೆಂದದ ಅಕ್ಷರದಲ್ಲಿ ಬರೆದಳು.

ಅವಳು ಹಿಂದಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತಳು. ಇಷ್ಟು ವರ್ಷ ಕೇಕಿನವರ ಮೇಲೆ ಕಾರಿದ ಹೇಸಿಗೆಯೆಲ್ಲ ತಿರುಗಿ ತನ್ನ ಮೈಮೇಲೆಯೇ ಬಿದ್ದಿತ್ತು. ಪ್ರಾಪ್ತಿ ಒಂದು ದಿನ ಬಂದು ಹೋಗುವವಳು, ಅವಳಿಗೆ ಗೊತ್ತಿಲ್ಲ. ತನಗೇನು ಧಾಡಿಯಾಗಿತ್ತು?

ಅಂದು ಸಂಜೆ ಹಾಳೆಯ ಆ ಸಾಲನ್ನು ಕಾಗದ ಹರಿಯುವಷ್ಟು ಗೀಚಿ ಹಾಕಿದಳು. “ತಪ್ಪಾಯ್ತು ಭೋಜಣ್ಣ. ನೀವು ಎಡಗೈಯಲ್ಲೇ ಉಣ್ಣಿ, ಯಾರೂ ಏನೂ ಹೇಳುವುದಿಲ್ಲ,” ಎಂದಳು. ಭೋಜಣ್ಣ ಅಲುಗಲಿಲ್ಲ. ಗುರುವಾರವೂ ಉಣ್ಣಲಿಲ್ಲ. ಪರದೆ ಎಳೆದು, ಗಂಜಿಯ ಬಟ್ಟಲು ಇಟ್ಟು, ಹೊರಗೆ ನಿಂತು ಕಾದಳು. ಬಟ್ಟಲು ಹಾಗೆಯೇ ಇತ್ತು. ಅಪ್ಪಣೆ ಕೊಟ್ಟ ಮಾತ್ರಕ್ಕೆ ನಾಚಿಕೆ ಹೋಗುವುದಾದರೆ ಲೋಕದಲ್ಲಿ ಇಷ್ಟು ಕಷ್ಟವೇ ಇರುತ್ತಿರಲಿಲ್ಲ. ಎಡಗೈಯಲ್ಲಿ ಬಡಿಸಿದವನನ್ನು ಓಡಿಸಿದ ಮನುಷ್ಯ, ತನ್ನ ಎಡಗೈಯನ್ನು ತಾನೇ ಹೇಗೆ ಕ್ಷಮಿಸಿಯಾನು?

ಶುಕ್ರವಾರ ಮಧ್ಯಾಹ್ನ ಅವಳು ಹಾಲ್‌ನಲ್ಲಿ, ಎಲ್ಲರ ನಡುವೆ, ಭೋಜಣ್ಣನ ಮುಂದೆ ಒಂದು ಎಲೆ ಹಾಕಿದಳು. ಅದರ ಎದುರು ಇನ್ನೊಂದು ಹಾಕಿದಳು. ಎರಡಕ್ಕೂ ಮೆತ್ತಗೆ ಬೆಂದ ಕುಚ್ಚಲಕ್ಕಿ ಅನ್ನ, ಬಸಳೆ ಸಾರು ಬಡಿಸಿದಳು. ತನ್ನ ಎಲೆಯ ಮುಂದೆ ಕೂತು, ಬಲಗೈಯನ್ನು ಶಾಲಿನಲ್ಲಿ ಸುತ್ತಿ ಸೊಂಟಕ್ಕೆ ಬಿಗಿದಳು.

ಎಡಗೈಯನ್ನು ಅನ್ನಕ್ಕೆ ಹಾಕಿದಳು. ಇಪ್ಪತ್ತೆರಡು ಮಂದಿಯನ್ನು ತೊಳೆಯುವ ಕೈ. ಬೆಳಗ್ಗೆ ಸೋಪು ಹಾಕಿ ನಾಲ್ಕು ಸಲ ಉಜ್ಜಿದ್ದಳು, ಆದರೂ ತುತ್ತು ತುಟಿಯ ಹತ್ತಿರ ಬಂದಾಗ ವಾಕರಿಕೆ ಬಂತು. ಕಣ್ಣು ಮುಚ್ಚಿ ನುಂಗಿದಳು. ಭೋಜಣ್ಣ ಎರಡು ತಿಂಗಳು ಹಲ್ಲು ಕಚ್ಚಿ ಹಿಡಿದದ್ದು ಏನನ್ನು ಎಂದು ಆಗ ಅವಳಿಗೆ ಪೂರ್ತಿ ತಿಳಿಯಿತು.

“ಎಂಥ ಮಾಡ್ತಿ ಮಗಳೇ?” ಎಂದಳು ಐಸಮ್ಮ. “ಆ ಕೈಯಲ್ಲಿ ಉಣ್ಲಿಕ್ಕೆ ಉಂಟಾ?”

“ಇವತ್ತು ಉಂಟು ಉಮ್ಮ,” ಎಂದಳು ಜುಲೈಕಾ. ಎರಡನೆಯ ತುತ್ತು ಅರ್ಧ ಬಾಯಿಗೆ, ಅರ್ಧ ಮಡಿಲಿಗೆ ಹೋಯಿತು. ಸಾರು ಎಲೆಯ ಅಂಚಿಗೆ ಹರಿದು ನೆಲಕ್ಕೆ ಇಳಿಯತೊಡಗಿತು. ಅದನ್ನು ತಡೆಯಲಿಕ್ಕೆ ಹೋಗಿ ಎಲೆಯನ್ನೇ ಹರಿದಳು.

“ಹಾಂ,” ಎಂದರು ಭೋಜಣ್ಣ.

ಅವಳು ತಲೆಯೆತ್ತಿದಳು. ಭೋಜಣ್ಣನ ಕಣ್ಣು ಅವಳ ಎಲೆಯ ಮೇಲಿತ್ತು. ಮೂವತ್ತು ವರ್ಷ ಪಂಕ್ತಿ ನೋಡಿದ ಕಣ್ಣಿಗೆ ಆ ರಾಡಿ ಸಹಿಸಲಾಗಲಿಲ್ಲ. “ಹಾಂ, ಹಾಂ,” ಎಂದು ಮತ್ತೆ ಗದರಿದರು. ತೊಡೆಯಡಿಯಿಂದ ಎಡಗೈ ಹೊರಗೆ ಬಂತು. ತಮ್ಮ ಎಲೆಯ ಅನ್ನಕ್ಕೆ ಸುತ್ತ ಕಟ್ಟೆ ಕಟ್ಟಿ, ನಡುವೆ ಗುಳಿ ಮಾಡಿ, ಸಾರನ್ನು ಅದರೊಳಗೆ ನಿಲ್ಲಿಸಿ ತೋರಿಸಿದರು. ಹೀಗೆ ಮಾಡಬೇಕು, ತಿಳಿಯಿತೇ ಎಂಬಂತೆ ಅವಳನ್ನು ನೋಡಿದರು. ಜುಲೈಕಾ ಹಾಗೆಯೇ ಮಾಡಿದಳು. ಅವಳ ಕಟ್ಟೆ ಮತ್ತೆ ಒಡೆಯಿತು.

ಭೋಜಣ್ಣನ ಬಾಯಿಯ ಎಡತುದಿ ಸ್ವಲ್ಪ ಮೇಲೆದ್ದಿತು. ಅವರು ತಮ್ಮ ಅನ್ನದಿಂದ ಒಂದು ಸಣ್ಣ ತುತ್ತು ತೆಗೆದು ಬಾಯಿಗೆ ಇಟ್ಟರು. ನಿಧಾನ ಅಗಿದರು. ನುಂಗಿದರು. ಇನ್ನೊಂದು ತೆಗೆದರು. ಜುಲೈಕಾ ಅವರ ಮುಖ ನೋಡದೆ ತನ್ನ ಎಲೆ ನೋಡುತ್ತಾ ಉಂಡಳು. ಕಣ್ಣು ಒರೆಸಲಿಕ್ಕೆ ಬಿಡುವಿನ ಕೈ ಇರಲಿಲ್ಲ.

ಎಂಟನೆಯದೋ ಒಂಬತ್ತನೆಯದೋ ತುತ್ತಿಗೆ ಸ್ವರ್ಣಲತಾ ಮೇಡಂ ಒಳಗೆ ಬಂದರು.

“ಭೋಜಣ್ಣ ಉಣ್ತಾರೆ,” ಎಂದು ನಿಂತಲ್ಲೇ ನಿಂತು ಮೊಬೈಲ್ ತೆಗೆದರು. “ಇಬ್ಬರೂ ಎಡಗೈಯಲ್ಲಿ. ಎಷ್ಟು ಚೆಂದ ಕಾಣ್ತದೆ. ಹಾಗೇ ಇರಿ, ಒಂದು ಫೋಟೋ. ಮನೀಷ್ ಸರ್‌ಗೆ ಕಳಿಸುವ.”

ಜುಲೈಕಾ ಏಳುವ ಮೊದಲೇ ಭೋಜಣ್ಣನ ಕೈ ಎದ್ದಿತು. ಅನ್ನ ಮೆತ್ತಿದ ಐದು ಬೆರಳು ಅಗಲಿಸಿ, ಅಗಿಯುವುದನ್ನು ನಿಲ್ಲಿಸದೆ, ಅಂಗೈಯನ್ನು ಮೊಬೈಲಿಗೆ ಅಡ್ಡ ಹಿಡಿದರು.

“ಸಾಕಂತೆ ಮೇಡಂ,” ಎಂದಳು ಜುಲೈಕಾ.

ಸ್ವರ್ಣಲತಾ ಆ ಕೈಯನ್ನು ನೋಡಿದರು. ಅವರೂ ಈ ಊರಿನವರೇ, ನೂರು ಮದುವೆ ಉಂಡವರು. ಮೊಬೈಲನ್ನು ಕೈಚೀಲಕ್ಕೆ ಹಾಕಿ ಆಫೀಸಿಗೆ ಹೋದರು.

ಭೋಜಣ್ಣ ಕೈ ಇಳಿಸಿದರು. ಆಮೇಲೆ ಅದೇ ಕೈಯಿಂದ ಖಾಲಿಯಾದ ಎಲೆಯ ನಡುವೆ ಎರಡು ಸಲ ತಟ್ಟಿ, ಬಡಿಸುವವರು ಎಲ್ಲಿ ಸತ್ತರು ಎಂಬಂತೆ ಸುತ್ತ ನೋಡಿದರು. ಜುಲೈಕಾ ಶಾಲಿನಿಂದ ಬಲಗೈ ಬಿಡಿಸಿಕೊಂಡು ಅನ್ನದ ಪಾತ್ರೆ ತರಲು ಎದ್ದಳು.