ಆಯಮ್ಮ ಕಲಿತ ಮಾತು

ಅಳತೆಪಟ್ಟಿಯ ಒಂದು ತುದಿಯನ್ನು ಹೆಂಡತಿಯ ಹಿಮ್ಮಡಿಗೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ನೆತ್ತಿಯತ್ತ ಎಳೆಯುತ್ತಿದ್ದ ಬಡಗಿಯ ಕೈ ನಡುವೆಯೇ ನಿಂತುಬಿಟ್ಟಿತು. ಕೇರಿಯ ಕಿಟಕಿ ಬಾಗಿಲುಗಳ ಅಳತೆಯೆಲ್ಲ ಅವನಿಗೆ ಬಾಯಿಪಾಠ. ಇಷ್ಟು ವರ್ಷ ಜೊತೆಗಿದ್ದವಳು ಎಷ್ಟು ಉದ್ದವಿದ್ದಳೆಂಬುದು ಮಾತ್ರ ಗೊತ್ತಿರಲಿಲ್ಲ.

ಪಾಲಿಷ್ ಕೆಲಸದ ಗೆಳೆಯ ಪಟ್ಟಿಯನ್ನು ಮೆಲ್ಲನೆ ಅವನ ಕೈಯಿಂದ ಬಿಡಿಸಿಕೊಂಡು, ಶವಪೆಟ್ಟಿಗೆಯ ಕೆಲಸ ನನಗೆ ಬಿಡು, ನೀನು ಅವಳ ಪಕ್ಕ ಕೂತಿರು ಅಂದ.

"ಹಲಗೆ ಮಾತ್ರ ನಾನೇ ಆರಿಸ್ತೀನಿ," ಎಂದ ಬಡಗಿ. "ಗಂಟಿರೋದು ಬೇಡ."

ಬಿಸಿಲೇರುವ ಹೊತ್ತಿಗೆ ಜನ ಬರತೊಡಗಿದರು. ಮೊದಲು ಅಕ್ಕಪಕ್ಕದವರು, ಆಮೇಲೆ ಆಸ್ಪತ್ರೆಯಲ್ಲಿ ಅವಳ ಜೊತೆ ದುಡಿದವರು. ಅವರ ಹಿಂದೆ ಯಾರಿಗೂ ಗುರುತಿಲ್ಲದವರು ಬಂದರು. ಒಬ್ಬ ಲಾರಿ ಡ್ರೈವರು, ಕೈಗೂಸಿನೊಂದಿಗೆ ಒಬ್ಬ ಹೆಂಗಸು, ಒಬ್ಬರನ್ನೊಬ್ಬರು ಆತುಕೊಂಡು ನಡೆಯುವ ಗಂಡಹೆಂಡಿರು. ಯಾರೂ ಅಳಲಿಲ್ಲ. ಸತ್ತವಳ ಮುಖವನ್ನು, ಅದರಲ್ಲೂ ಅವಳ ಬಾಯಿಯನ್ನು, ರೆಪ್ಪೆ ಹೊಡೆಯದೆ ನೋಡಿ ಗೋಡೆಗೊರಗಿ ನಿಂತರು. ಜಾಗ ಸಾಲದೆ ಮತ್ತಷ್ಟು ಜನ ಅಂಗಳದಲ್ಲಿ ನಿಂತರು.

ಮಗಳು ಅವರಲ್ಲಿ ಇಬ್ಬರು ಮೂವರನ್ನು ಮಾತಾಡಿಸಿ ಬಂದು ಅಪ್ಪನ ಪಕ್ಕ ಕೂತಳು.

"ಅಪ್ಪಾ, ಎಲ್ಲರೂ ಒಂದೇ ಮಾತು ಹೇಳ್ತಾರೆ. ಅವರ ಮನೇಲಿ ಸಾವಾದಾಗ ಅದನ್ನ ಮೊದಲು ಹೇಳಿದ್ದು ಅಮ್ಮನಂತೆ."

ಬಡಗಿ ತಲೆಯಾಡಿಸಿದ. ಅಷ್ಟು ಸಾವಿನ ಸುದ್ದಿ ಹೊರಬಿದ್ದ ಆ ಬಾಯಿ ಈಗ ಮುಚ್ಚಿತ್ತು. ನಿಂತವರು ಮಾತ್ರ ಅದು ಇನ್ನೂ ಒಂದನ್ನು ಹೇಳಲಿಕ್ಕಿದೆ ಎನ್ನುವ ಹಾಗೆ ಕಾಯುತ್ತಿದ್ದರು.

*

ಈ ಮಗಳಿಗಿಂತ ಮೊದಲು ಒಬ್ಬ ಮಗನಿದ್ದ. ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದ. ಜ್ವರ ನೆತ್ತಿಗೇರಿದಾಗ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದರು. ಒಳಗೆ ತಾಯಿಯೊಬ್ಬಳನ್ನೇ ಬಿಟ್ಟರು, ಬಡಗಿ ಗೇಟಿನ ಹತ್ತಿರ ಕೂತಿದ್ದ. ಡಾಕ್ಟರು ಬೇರೆ ಕಡೆಯವರು, ಇಂಗ್ಲಿಷ್ ಬಿಟ್ಟರೆ ಇಲ್ಲಿಯ ಮಾತು ಬಾರದವರು. ಹೊರಗೆ ಬಂದು ಇವಳೆದುರು ನಿಂತು ಮೆಲುದನಿಯಲ್ಲಿ ಏನೋ ಹೇಳಿದರು. ಅದರಲ್ಲಿ ಇವಳಿಗೆ ತಿಳಿದದ್ದು ಒಂದೇ ಪದ, ಪಾಸ್. ಪಾಸ್ ಅಂದರೆ ಯಾರಿಗೆ ಗೊತ್ತಿಲ್ಲ? ಕೈ ಜೋಡಿಸಿ, ಮುಖ ತುಂಬ ನಕ್ಕು, "ಥ್ಯಾಂಕ್ಯೂ ಸಾರ್" ಎಂದಳು. ಡಾಕ್ಟರು ಹಿಂದಕ್ಕೆ ಸರಿದರಂತೆ.

"ಪಾಸಾಯ್ತಂತೆ ರೀ, ಗಂಡಾಂತರ ಕಳೀತು," ಎನ್ನುತ್ತ ಗೇಟಿನವರೆಗೂ ಓಡಿಬಂದಳು.

ಗಂಡಹೆಂಡತಿ ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡು ಕುಡಿದರು. ಅವನು ಎದುರಿನ ಅಂಗಡಿಯಲ್ಲಿ ಬಣ್ಣದ ಚೆಂಡೊಂದನ್ನು ಕೊಂಡ. ಚೆಂಡು ಹಿಡಿದು ಒಳಗೆ ಹೋದಾಗ ಮಂಚದ ಮೇಲೆ ಬಿಳಿ ಬಟ್ಟೆ ಎಳೆದಾಗಿತ್ತು.

"ಪಾಸ್ಡ್ ಅವೇ" ಅಂದರೆ ತೀರಿಹೋದರು ಅಂತ ಆಮೇಲೆ ಯಾರೋ ಬಿಡಿಸಿ ಹೇಳಿದರು. ಮಗು ಹೋದ ದುಃಖವನ್ನು ಅವಳು ಹೇಗೋ ನುಂಗಿಕೊಂಡಳು. ಆ ಸುದ್ದಿಗೆ ತಾನು ನಕ್ಕದ್ದನ್ನು ನುಂಗಲಾಗಲಿಲ್ಲ.

ವರ್ಷ ತಿರುಗುವುದರೊಳಗೆ ಅದೇ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದಳು. ದಿನದ ಕೆಲಸ ಮುಗಿದ ಮೇಲೆ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಇಂಗ್ಲಿಷ್ ಕಲಿಯಲು ಹೋಗತೊಡಗಿದಳು. ಕ್ಲಾಸು ನಡೆಸುತ್ತಿದ್ದ ಮೇಡಂ ಹತ್ತಿರ ಉಳಿದವರೆಲ್ಲ ಅಂಗಡಿಯಲ್ಲಿ ಹೇಗೆ ಮಾತಾಡಬೇಕು, ಬಸ್ಸಿನಲ್ಲಿ ಹೇಗೆ ಎಂದು ಕೇಳಿದರೆ, ಇವಳು ಸಾವಿಗೆ ಏನೇನು ಅಂತಾರೆ ಎಂದು ಕೇಳಿದಳು. ಹೊಸದರಲ್ಲಿ ಮೇಡಂಗೆ ಇವಳನ್ನು ಕಂಡರೆ ಒಂಥರಾ ದಿಗಿಲು. ಬರಬರುತ್ತಾ ಅವರೇ ನೆನಪಿಟ್ಟುಕೊಂಡು ಒಂದೊಂದೇ ಹೇಳಿಕೊಟ್ಟರು. "ಕಿಕ್ ದ ಬಕೆಟ್", ಅಂದರೆ ಬಕೆಟ್ ಒದೆಯುವುದು, ಅದೂ ಸಾಯುವುದೇ ಎಂದ ದಿನ, ಬೆಳಗಿನಿಂದ ಬಕೆಟ್ ಹಿಡಿದೇ ದುಡಿದು ಬಂದವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೆ ಅಲ್ಲಿಂದಾಚೆಗೆ ಬಕೆಟನ್ನು ಕಾಲಿನಿಂದ ತಳ್ಳಲಿಲ್ಲ. ವಾರ್ಡಿನಲ್ಲಿ ಬೇರೆಯವರ ಕಾಲು ತಗಲುವಂತಿದ್ದರೂ ಓಡಿಹೋಗಿ ಪಕ್ಕಕ್ಕಿಡುತ್ತಿದ್ದಳು.

ಮನೆಯಲ್ಲಿ ಅವಳು ಇಂಗ್ಲಿಷ್ ಆಡಿದವಳಲ್ಲ. ಒಮ್ಮೆ ಮಾತ್ರ, ಹೊರಗೆ ನಾಯಿ ಬೆಕ್ಕು ಬೀಳ್ತಿವೆ, ಬಟ್ಟೆ ತೆಗೀರಿ ಎಂದಳು. ಇಂಗ್ಲಿಷಿನಲ್ಲಿ ಜೋರು ಮಳೆಗೆ ಹಾಗಂತಾರೆಂದು ಅರಿಯದ ಬಡಗಿ ಕೋಲು ಹಿಡಿದುಕೊಂಡೇ ಹೊರಟ. ತಿಂಗಳುಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕಿದ್ದಳು.

ಆಸ್ಪತ್ರೆಯಲ್ಲಿ ಸಾವಿನ ಸುದ್ದಿ ಹೇಳಬೇಕಾದಾಗ ಡಾಕ್ಟರುಗಳು ಕ್ರಮೇಣ ಅವಳನ್ನು ಕೂಗತೊಡಗಿದರು. ಅವರು ಇಂಗ್ಲಿಷಿನಲ್ಲಿ ನಯವಾಗಿ ಹೇಳಿ ಮುಗಿಸುವುದನ್ನೇ ಕಾದು, ಅವಳು ಸತ್ತವರ ಮನೆಯವರ ಕೈ ಹಿಡಿದುಕೊಳ್ಳುತ್ತಿದ್ದಳು. ಹೋದರು, ತೀರಿಕೊಂಡರು ಎಂದೆಲ್ಲ ಹೇಳುತ್ತಿರಲಿಲ್ಲ.

"ಸತ್ತುಹೋದ್ರು ಕಣಮ್ಮಾ," ಎನ್ನುತ್ತಿದ್ದಳು. ಅವರಿಗೆ ಅರ್ಥವಾಯಿತೆಂದು ಖಾತ್ರಿಯಾಗುವವರೆಗೆ ಕೈ ಬಿಡುತ್ತಿರಲಿಲ್ಲ.

*

ಪೆಟ್ಟಿಗೆಗೆ ಮೊಳೆ ಹೊಡೆಯುವ ಸದ್ದು ಹಿತ್ತಲಿನಿಂದ ಕೇಳತೊಡಗಿದಾಗ ಮೇಡಂ ಬಂದರು. ವಯಸ್ಸಾಗಿ ಬೆನ್ನು ಬಾಗಿತ್ತು. ಬಡಗಿ ಅವರನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದೊಯ್ದು ಕೂರಿಸಿದ. ಒಂದು ಕೇಳಬೇಕಿತ್ತು, ಮಗಳ ಎದುರು ಬೇಡ ಎಂದ.

ಹೆಂಡತಿಗೆ ಲಕ್ವ ಹೊಡೆದ ಮೇಲೆ ಅವಳ ಮನೆಮಾತು ಒಂದಕ್ಷರ ಬಿಡದೆ ಅಳಿಸಿಹೋಗಿತ್ತು. ನೀರು ಎಂದರೆ ಮಿಕಮಿಕ ನೋಡುತ್ತಿದ್ದಳು, ವಾಟರ್ ಎಂದರೆ ಬಾಯಿ ತೆರೆಯುತ್ತಿದ್ದಳು. ಉಳಿದದ್ದು ಆ ಕ್ಲಾಸಿನ ಇಂಗ್ಲಿಷ್ ಮಾತ್ರ. ಬಡಗಿ ಆ ವಯಸ್ಸಿನಲ್ಲಿ ವಾಟರ್, ಪೇನ್, ಸ್ಲೀಪ್ ಎಂದು ಕಲಿತುಕೊಂಡು ಹೇಗೋ ಸಂಸಾರ ನಡೆಸಿದ. ಅದಕ್ಕೆಲ್ಲ ಅವನು ಹೆದರಿದವನಲ್ಲ. ಹೆದರಿಸಿದ್ದು ಸಂಜೆಗಳು.

ಮಗಳು ಡ್ಯೂಟಿಯಿಂದ ಬರುವ ಮೊದಲು, ಬೆಳಕು ಮಾಸುವ ಹೊತ್ತಿಗೆ, ಅವಳು ದಿಂಬಿನ ಮೇಲೆ ಮುಖವನ್ನು ಬಾಗಿಲ ಕಡೆಗೆ ಹೊರಳಿಸುತ್ತಿದ್ದಳು. ಒಂದು ಮಾತು ಆಡಿ ಸುಮ್ಮನಾಗಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿ, ಮತ್ತೊಂದು ಮಾತು ಆಡುವಳು. ನಡುವಿನ ಮೌನ ಸರಿಯಾಗಿ ಯಾರೋ ಉತ್ತರ ಕೊಟ್ಟು ಮುಗಿಸುವಷ್ಟೇ ಇರುತ್ತಿತ್ತು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಮಗಳನ್ನು ಕೇಳಿದ್ದರೆ ಅರ್ಥ ಹೇಳುತ್ತಿದ್ದಳು. ಹೇಳಿಬಿಟ್ಟರೆ ಎಂಬ ಭಯಕ್ಕೇ ಅವನು ಕೇಳಿರಲಿಲ್ಲ.

"ಸಂಜೆ ಬಾಗಿಲ ಕಡೆ ನೋಡಿ ಹೀಗಂತಿದ್ಲು, ಯೂ ಹ್ಯಾವ್ ಶಾಟ್ ಅಪ್," ಎಂದು ಬಡಗಿ ಒಂದೊಂದೇ ಪದ ಬಿಡಿಸಿ ಹೇಳಿದ. "ಶಾಟ್ ಅಂದ್ರೆ ಗುಂಡು ಹೊಡೆಯೋದಲ್ವಾ? ಇನ್ನೊಂದು, ಮೈಂಡ್ ಯುವರ್ ಹೆಡ್. ಮೈಂಡು, ಹೆಡ್ಡು ಎರಡೂ ನನಗೆ ಗೊತ್ತು. ತಲೆ ಕೆಟ್ಟಿದೆ ಅಂತ ಗೋಳಾಡ್ತಾಳೆ ಅಂದ್ಕೊಂಡಿದ್ದೆ. ಆದ್ರೆ ಹಾಗನ್ನುವಾಗ ಮುಖ ಅರಳಿರ್ತಿತ್ತು, ಮೇಡಂ."

ಮೇಡಂ ಅವನ ಕಡೆಗೆ ತಿರುಗಿದರು.

"ಸಂಜೆ ಹೊತ್ತು ಮನೆಗೆ ಹುಡುಗರು ಯಾರಾದ್ರೂ ಬರ್ತಿದ್ರಾ? ಎತ್ತರದವರು?"

"ಯಾರೂ ಇಲ್ಲ."

"ಶಾಟ್ ಅಪ್ ಅಂದ್ರೆ, ಎಷ್ಟು ಎತ್ತರ ಬೆಳೆದುಬಿಟ್ಟಿದ್ದೀಯೋ ಅಂತ. ಬಹಳ ಕಾಲದ ಮೇಲೆ ಸಿಕ್ಕಿದ ಮಕ್ಕಳಿಗೆ ಹಾಗಂತಾರೆ." ಮೇಡಂ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಇನ್ನೊಂದು, ತಲೆ ಜೋಪಾನ ಅಂತ. ಬಾಗಿಲು ತಗ್ಗಾಗಿದ್ರೆ, ಒಳಗೆ ಬರೋರಿಗೆ ಹೇಳೋದು."

ಮೊಳೆ ಹೊಡೆಯುವ ಸದ್ದು ನಿಂತಿತು. ಆ ಬಾಗಿಲ ಚೌಕಟ್ಟನ್ನು ಕೂರಿಸಿದ್ದು ಬಡಗಿಯೇ. ಅವನೂ ಕುಳ್ಳ, ಅವಳೂ ಕುಳ್ಳಿ, ಮಗಳೂ ಹಾಗೇ. ಆ ಮನೆಯಲ್ಲಿ ಯಾರಿಗೂ ತಲೆ ಬಗ್ಗಿಸುವ ಪ್ರಸಂಗವೇ ಬಂದಿರಲಿಲ್ಲ.

ಕೊನೆಯ ಸಂಜೆ ಅವಳಾಡಿದ್ದು ಒಂದೇ ಮಾತು. ಅದರ ಅರ್ಥವನ್ನು ಅವನು ಮೇಡಂಗೆ ಕೇಳಲಿಲ್ಲ. "ಕಮಿಂಗ್" ಎಂದರೆ ಏನೆಂದು ಅವನಿಗೂ ಗೊತ್ತಿತ್ತು.

*

ಮಣ್ಣು ಮಾಡಿ ಮರಳುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಪರಿಚಿತರು ಒಬ್ಬೊಬ್ಬರಾಗಿ ಬಂದು ಬಡಗಿಯ ಕೈ ಹಿಡಿದು, ಸ್ವಲ್ಪ ಹೆಚ್ಚೇ ಹೊತ್ತು ಹಿಡಿದಿದ್ದು ಹೋದರು. ಗೆಳೆಯ ಹತಾರಗಳನ್ನು ಕಟ್ಟಿಕೊಂಡು ಹೊರಟ. ಮಗಳು ಒಳಗೆ ಚಹಾಕ್ಕಿಟ್ಟು, ಸೊಳ್ಳೆ ಬರ್ತವೆ, ಬಾಗಿಲು ಹಾಕಿಬಿಡಪ್ಪಾ ಎಂದಳು.

ಅವನು ಎದ್ದು ಹೊಸ್ತಿಲವರೆಗೆ ಬಂದ. ಅಂಗಳದಲ್ಲಿ ಯಾರೂ ಇರಲಿಲ್ಲ. ಬಾಗಿಲು ಮುಚ್ಚದೆ ಒಂದು ಪಕ್ಕಕ್ಕೆ ಸರಿದು, ತುದಿಗಾಲಲ್ಲಿ ನಿಂತು, ಮೇಲಿನ ಅಡ್ಡಪಟ್ಟಿಯ ಚೂಪು ಅಂಚಿಗೆ, ತಲೆ ತಗಲದ ಹಾಗೆ, ತನ್ನ ಅಂಗೈ ಆನಿಸಿ ಹಿಡಿದ. ಒಬ್ಬರು ದಾಟಲು ಬೇಕಾಗುವಷ್ಟು ಹೊತ್ತು ಹಾಗೇ ಇದ್ದ. ಆಮೇಲೆ ಕೈಯನ್ನು ಸ್ವಲ್ಪ ಕೆಳಗಿಳಿಸಿ, ಕುಳ್ಳಗಿರುವ ಇನ್ನೊಬ್ಬರಿಗೆ.